ಕೆಂಪು ಬಟ್ಟೆ ಬಿಚ್ಚಿದ ತಪ್ಪಿಗೆ

"ಕೆಂಪು ಬಟ್ಟೆ ಕಟ್ಟಿರೋ ಕೊಂಬೆ ಮಾತ್ರ ಕತ್ತರಿಸು. ಬೇರೆ ಯಾವುದನ್ನೂ ನನ್ನ ಕೇಳದೆ ಮುಟ್ಟಬೇಡ" ಎಂದು ಅಕ್ಕ ಫೋನಿನಲ್ಲಿ ಹೇಳುವಾಗ ನಾನು ಅರ್ಧ ಏಣಿ ಹತ್ತಿದ್ದೆ. ಎದೆ ಧಸಕ್ಕೆಂದಿತು. ಆ ಬಟ್ಟೆ ಚೂರುಗಳನ್ನು ಎರಡು ತಿಂಗಳ ಹಿಂದೆ ನಾನೇ ಬಿಚ್ಚಿ ಎಸೆದಿದ್ದೆ. ಮಕ್ಕಳು ಆಟಕ್ಕೆ ಕಟ್ಟಿರಬೇಕು ಅಂದುಕೊಂಡಿದ್ದೆ.

"ಯಾಕೋ ಸುಮ್ನಾದೆ?"

"ಏನಿಲ್ಲ ಅಕ್ಕ. ಆ ಬಟ್ಟೆ ಯಾಕೆ ಕಟ್ಟಿದ್ದೆ?"

"ಬಿಚ್ಚಿಬಿಟ್ಟೆಯಾ?"

ಅಕ್ಕನ ಹತ್ತಿರ ಸುಳ್ಳು ನಡೆಯುವುದಿಲ್ಲ.

ಅವಳ ತೋಟದಲ್ಲಿರುವುದು ಎರಡು ವಿಚಿತ್ರ ಮರಗಳು. ಒಂದು ಡಾನ್ ರೆಡ್‌ವುಡ್, ಇನ್ನೊಂದು ಲಾರ್ಚ್. ಎರಡೂ ಪೈನ್ ಮರದ ನೆಂಟರು, ಶಂಕುವಿನಂಥ ಕಾಯಿ ಬಿಡುವ ಕೋನಿಫರ್ ಗುಂಪಿನವು. ಆದರೆ ಪೈನ್ ಹಾಗೆ ವರ್ಷವಿಡೀ ಹಸಿರಾಗಿರುವುದಿಲ್ಲ. ಚಳಿ ಶುರುವಾಗುವ ಮುಂಚೆ ಎಲೆ ಕಂದು, ಹಳದಿ ಬಣ್ಣಕ್ಕೆ ತಿರುಗಿ ಉದುರಿಹೋಗುತ್ತದೆ. ಆಮೇಲೆ ನಿಲ್ಲುವುದು ಒಣ ಕಡ್ಡಿಯಂಥ ಮರ. ಗೊತ್ತಿಲ್ಲದವರು ಸತ್ತೇ ಹೋಯಿತು ಎಂದು ಕಡಿದು ಹಾಕಿದ್ದೂ ಇದೆ.

ಕೊಂಬೆ ಸವರುವುದಕ್ಕೆ ಒಳ್ಳೆಯ ಕಾಲವೂ ಆ ಬೋಳು ಹೊತ್ತೇ. ಕಡು ಚಳಿ ಮುಗಿಯುತ್ತಾ ಬಂದಿರಬೇಕು, ಚಿಗುರು ಹೊರಡುವ ಕಣ್ಣುಗಳು ಇನ್ನೂ ಉಬ್ಬಿರಬಾರದು. ಎಲೆ ಇಲ್ಲದ ಕಾರಣ ಯಾವ ಕೊಂಬೆ ಎಲ್ಲಿಂದ ಹೊರಟಿದೆ, ಯಾವುದು ಯಾವುದಕ್ಕೆ ಉಜ್ಜುತ್ತಿದೆ ಎಲ್ಲ ಕಾಣುತ್ತದೆ. ಚಿಗುರುವ ಹೊತ್ತಿಗೆ ಕತ್ತರಿಸಿದರೆ ಲಾರ್ಚ್ ಅಂಟು ಸುರಿಸುತ್ತದೆ. ಹಾಗೆ ಒಮ್ಮೆ ಮಾಡಿ ಒಂದು ಅಂಗಿ ಕಳೆದುಕೊಂಡಿದ್ದೇನೆ.

ಆದರೆ ಎಲ್ಲವೂ ಬೋಳಾಗಿರುವಾಗ ಸತ್ತ ಕೊಂಬೆ ಯಾವುದು, ಮಲಗಿರುವ ಕೊಂಬೆ ಯಾವುದು ಎಂದು ಕೆಳಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ ಅಕ್ಕ ಬೇಸಿಗೆಯಲ್ಲಿ, ಮರವೆಲ್ಲ ಹಸಿರಿರುವಾಗ, ಎಲೆ ಬಾರದ ಕೊಂಬೆಗಳಿಗೆ ಬಟ್ಟೆ ಕಟ್ಟಿಟ್ಟಿದ್ದಳು. ಎಂಥ ಸರಳ ಉಪಾಯ, ಅಲ್ವಾ? ನಾನು ಅದನ್ನೇ ಗುಡಿಸಿ ಹಾಕಿದ್ದೆ.

"ಈಗ ಒಂದೊಂದನ್ನೇ ಉಗುರಿನಿಂದ ಕೆರೆದು ನೋಡು. ಅದೇ ನಿನಗೆ ಶಿಕ್ಷೆ" ಎಂದಳು.

ಕೆರೆದೆ. ತೆಳ್ಳನೆಯ ತೊಗಟೆಯ ಕೆಳಗೆ ಹಸಿರು ಕಂಡರೆ ಜೀವ ಇದೆ. ಕಂದು ಬಣ್ಣ, ಒಣ ಪುಡಿ ಬಂದರೆ ತುದಿಯಿಂದ ಸ್ವಲ್ಪ ಹಿಂದಕ್ಕೆ ಬಂದು ಮತ್ತೆ ಕೆರೆಯಬೇಕು. ಎಷ್ಟೋ ಕೊಂಬೆಗಳಲ್ಲಿ ತುದಿ ಸತ್ತು ಬುಡ ಬದುಕಿರುತ್ತದೆ. ಸಣ್ಣ ರೆಂಬೆಯಾದರೆ ಬಗ್ಗಿಸಿದರೂ ಸಾಕು. ಸತ್ತದ್ದು ಪಟ್ ಎನ್ನುತ್ತದೆ.

ಡಾನ್ ರೆಡ್‌ವುಡ್ ಇಲ್ಲೂ ಒಂದು ಆಟ ಆಡಿತು. ಸಾಮಾನ್ಯವಾಗಿ ಮರಗಳಲ್ಲಿ ಕಣ್ಣು ಇರುವುದು ಎಲೆಯ ಕಂಕುಳಲ್ಲಿ, ಮೇಲ್ಗಡೆ. ನಾನು ಅಲ್ಲೇ ಹುಡುಕಿ, ಇಲ್ಲ ಎಂದು ಒಂದು ಕೊಂಬೆಗೆ ಗರಗಸ ಇಟ್ಟೇಬಿಟ್ಟಿದ್ದೆ. ಆಮೇಲೆ ನೋಡಿದರೆ ಕಣ್ಣುಗಳು ಕೆಳಗಡೆ ಇದ್ದವು! ಈ ಮರದಲ್ಲಿ ಕಣ್ಣು ಎಷ್ಟೋ ಸಲ ರೆಂಬೆ ಹೊರಡುವ ಜಾಗದ ಕೆಳಗೇ ಕೂತಿರುತ್ತದೆ. ಇದು ಎಲೆಯನ್ನು ಒಂದೊಂದಾಗಿ ಉದುರಿಸುವುದೂ ಇಲ್ಲ. ಗರಿಯಂಥ ಪುಟ್ಟ ರೆಂಬೆಯನ್ನೇ ಎಲೆ ಸಮೇತ ಕಳಚಿ ಹಾಕುತ್ತದೆ. ಅಷ್ಟರ ಮಟ್ಟಿಗೆ ತನ್ನನ್ನು ತಾನೇ ಸವರಿಕೊಳ್ಳುವ ಮರ.

ಇದರ ಕಥೆಯೂ ಮಜವಾಗಿದೆ. 1941ರಲ್ಲಿ ಜಪಾನಿನ ಸಸ್ಯವಿಜ್ಞಾನಿ ಶಿಗೇರು ಮಿಕಿ ಇದರ ಕುಲಕ್ಕೆ ಹೆಸರಿಟ್ಟದ್ದು ಬರೀ ಪಳೆಯುಳಿಕೆ ನೋಡಿ. ಅದೇ ದಶಕದಲ್ಲಿ ಚೀನಾದಲ್ಲಿ ಜೀವಂತ ಮರಗಳು ಸಿಕ್ಕವು. 1948ರಲ್ಲಿ ಬೀಜ ಅಮೆರಿಕಕ್ಕೆ ಬಂದು, ಅಲ್ಲಿಂದ ಬೇರೆ ದೇಶಗಳ ತೋಟಗಳಿಗೂ ಹೋಯಿತು. ಕಲ್ಲಿನಿಂದ ಎದ್ದು ಬಂದ ಮರಕ್ಕೆ ನಾನು ಗರಗಸ ಹಿಡಿದು ನಿಂತಿದ್ದೆ.

ಒಣಗಿದ್ದು ತೆಗೆದ ಮೇಲೆ ನಿಜವಾದ ಕೆಲಸ ಬಂತು. ನೆತ್ತಿಯಲ್ಲಿ ಎರಡು ತುದಿ. ಹಿಂದೊಮ್ಮೆ ತಡವಾಗಿ ಬಿದ್ದ ಹಿಮಕ್ಕೆ ಎಳೆ ತುದಿ ಸುಟ್ಟುಹೋಗಿತ್ತು. ಇದರ ಕಣ್ಣುಗಳು ಎದುರುಬದುರು ಜೋಡಿಯಾಗಿರುತ್ತವೆ. ಹಾಗಾಗಿ ಕೆಳಗಿನ ಜೋಡಿ ಎರಡೂ ನಾನೇ ದೊಡ್ಡವನು ಎಂದು ಮೇಲೆದ್ದಿದ್ದವು. ಹೀಗೆ ಬಿಟ್ಟರೆ ಕವಲಿನ ನಡುವೆ ತೊಗಟೆ ಸಿಕ್ಕಿಕೊಂಡು ಸಂದು ಗಟ್ಟಿಯಾಗುವುದಿಲ್ಲ. ಮುಂದೆ ದೊಡ್ಡ ಗಾಳಿಗೆ ಸೀಳುತ್ತದೆ. ಹೆಬ್ಬೆರಳು ಗಾತ್ರ ಇರುವಾಗಲೇ ಒಂದನ್ನು ತೆಗೆದರೆ ಮರಕ್ಕೆ ಅದು ಗಾಯವೇ ಅಲ್ಲ. ನೆಟ್ಟಗಿದ್ದದ್ದನ್ನು ಉಳಿಸಿದೆ. ದಪ್ಪಗಿದ್ದದ್ದು ಇನ್ನೊಂದು. ಸ್ವಲ್ಪ ಹೊಟ್ಟೆ ಉರಿಯಿತು.

ಒಂದು ಕೊಂಬೆ ಮಾತ್ರ ತೋಳಿನ ದಪ್ಪ ಇತ್ತು. ಹಿಂದಿನ ವರ್ಷ ಇಂಥದ್ದನ್ನೇ ಮೇಲಿನಿಂದ ಒಂದೇ ಸಲ ಕುಯ್ದು, ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಉದ್ದಕ್ಕೆ ಸುಲಿದುಕೊಂಡು ಹೋಗಿತ್ತು. ಆ ಗಾಯ ಈಗಲೂ ಕಾಣುತ್ತದೆ. ಈ ಸಲ ಕಾಂಡದಿಂದ ಒಂದಡಿ ಆಚೆ, ಮೊದಲು ಕೆಳಗಿನಿಂದ ಮೂರನೇ ಒಂದು ಭಾಗ ಕುಯ್ದೆ. ಆಮೇಲೆ ಅದಕ್ಕಿಂತ ತುಸು ಹೊರಗೆ ಮೇಲಿನಿಂದ. ಭಾರ ಇಳಿದ ಮೇಲೆ ಉಳಿದ ತುಂಡನ್ನು ಬುಡದ ಉಬ್ಬಿದ ಬಳೆಯ ಆಚೆ ಕತ್ತರಿಸಿದೆ. ಗಾಯ ಮುಚ್ಚಿಕೊಳ್ಳುವುದು ಆ ಬಳೆಯಿಂದಲೇ. ಅದನ್ನು ಕಾಂಡದ ಸಮಕ್ಕೆ ಕೊಯ್ದರೆ ಮರಕ್ಕೆ ಕಷ್ಟ, ಮೊಂಡು ಬಿಟ್ಟರೂ ಕಷ್ಟ. ಮೇಲೆ ಬಣ್ಣಗಿಣ್ಣ ಬಳಿಯಬೇಕಿಲ್ಲ.

ಕೆಳಗಿನ ಕೊಂಬೆಗಳನ್ನೂ ತೆಗೆದು ಓಡಾಡಲು ಜಾಗ ಮಾಡೋಣವೇ ಎಂದು ಫೋನಿನಲ್ಲಿ ಕೇಳಿದೆ. ಬೇಡವೇ ಬೇಡ ಎಂದಳು. ಈ ಮರದ ಚಂದವೇ ಅಲ್ಲಿರುವುದಂತೆ. ಕೊಂಬೆಗಳ ಕೆಳಗೆ ಕಾಂಡದಲ್ಲಿ ಕಂಕುಳಿನಂಥ ಕುಳಿ ಬೀಳುತ್ತದೆ, ವಯಸ್ಸಾದಷ್ಟೂ ಆಳವಾಗುತ್ತದೆ. ತೆಗೆಯಲೇಬೇಕಾದರೆ ವರ್ಷಕ್ಕೆ ಒಂದೆರಡು ಸಾಕು.

ಲಾರ್ಚ್ ಹತ್ತಿರ ಹೋಗಲು ನಾಚಿಕೆಯಾಯಿತು. ಎರಡು ವರ್ಷದ ಹಿಂದೆ ಒಂದೇ ದಿನ ಎರಡೂ ಮರಗಳ ಒಂದೊಂದು ಕೊಂಬೆಯನ್ನು ಎಲೆ ಇಲ್ಲದ ಹಳೇ ಭಾಗದವರೆಗೆ ಮೊಟಕು ಮಾಡಿದ್ದೆ. ಡಾನ್ ರೆಡ್‌ವುಡ್ ಕೊಯ್ದ ಜಾಗದ ಸುತ್ತ ಪೊದೆಯಂತೆ ಚಿಗುರಿತು. ಲಾರ್ಚ್‌ನದು ಹಾಗೇ ಒಣಗಿ ಗೂಟವಾಯಿತು. ಎಲೆ ಉದುರಿಸುವ ಮರಗಳೆಲ್ಲ ಒಂದೇ ಥರ ಅಂದುಕೊಂಡಿದ್ದು ನನ್ನ ತಪ್ಪು. ಲಾರ್ಚ್‌ನ ಎಲೆ ಗೊಂಚಲು ಬರುವುದು ಪುಟ್ಟ ಗಂಟಿನಂಥ ಮೋಟು ರೆಂಬೆಗಳಿಂದ. ಆ ಗಂಟುಗಳು ಜೀವಂತವಾಗಿರುವ ಕಡೆಗೇ ಕತ್ತರಿ ನಿಲ್ಲಬೇಕು. ಅವನ್ನು ದಾಟಿ ಹಿಂದಕ್ಕೆ ಹೋದರೆ ಮತ್ತೆ ಚಿಗುರುವ ಭರವಸೆ ಇಲ್ಲ.

ಅವತ್ತು ಲಾರ್ಚ್‌ನಿಂದ ತೆಗೆದದ್ದು ಆ ಗೂಟವನ್ನು, ಮತ್ತೆ ಒಂದಕ್ಕೊಂದು ಉಜ್ಜಿಕೊಂಡು ತೊಗಟೆ ಕಿತ್ತುಕೊಂಡಿದ್ದ ಎರಡರಲ್ಲಿ ಒಂದನ್ನು. ಅಷ್ಟೇ.

ಕೊನೆಗೆ ಡಾನ್ ರೆಡ್‌ವುಡ್‌ನಲ್ಲಿ ಮೂರು ಕೊಂಬೆಗಳ ತೀರ್ಮಾನ ಆಗಲಿಲ್ಲ. ಒಂದು ಕಡೆ ಕೆರೆದರೆ ಹಸಿರು, ಇನ್ನೊಂದು ಕಡೆ ಕಂದು. ಕತ್ತಲಾಗುತ್ತಿತ್ತು. ಏಣಿ ಇಳಿದು, ಹಳೇ ಕೆಂಪು ಅಂಗಿಯೊಂದನ್ನು ಹುಡುಕಿ ಉದ್ದುದ್ದ ಹರಿದೆ. ಮೂರಕ್ಕೂ ಒಂದೊಂದು ಕಟ್ಟಿದೆ. ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ.

"ಎಲೆ ಬರೋವರೆಗೂ ಬಿಚ್ಚಬೇಡ" ಎಂದು ಉತ್ತರ ಬಂತು.