ಹಳಿ ಪಕ್ಕದ ಹುಡುಗ

ಅವನ ಹೆಸರು ಬರೆಯುವುದಿಲ್ಲ. ಕೇಸಿನಲ್ಲಿ ಸಿಕ್ಕಿದ ಮಕ್ಕಳ ಗುರುತು ಹೊರಗೆ ಬರಬಾರದು ಎಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ.

ಮುಂಬೈ ಕುರ್ಲಾದ ನಮ್ಮ ಚಾಳಿನವನು, ಅಂದರೆ ವಠಾರದವನು, ವಯಸ್ಸು 15. ಅಪ್ಪ ಕುಂದಾಪುರ ಕಡೆಯವರು, ಹೋಟೆಲಿನಲ್ಲಿ ದೋಸೆ ಭಟ್ಟರು. ಕುಡಿದು ಬಂದರೆ ಬೆಲ್ಟಿನಿಂದ ಹೊಡೆಯುತ್ತಿದ್ದರು. ಹುಡುಗ ಹಳಿ ಪಕ್ಕ ಹೋಗಿ ಕೂರುತ್ತಿದ್ದ. ಅಲ್ಲಿ ಸಿಕ್ಕಿದ ದೊಡ್ಡ ಹುಡುಗರು ವಡಾಪಾವ್ ಕೊಡಿಸಿದರು, ಮೊಬೈಲ್ ಕೊಟ್ಟರು. ಒಂಬತ್ತನೇ ಕ್ಲಾಸು ಅಲ್ಲಿಗೇ ನಿಂತಿತು.

ಮುಂಬೈಯಲ್ಲಿ ಇವರನ್ನು ಫಟ್ಕಾ ಗ್ಯಾಂಗ್ ಅಂತಾರೆ. ಲೋಕಲ್ ರೈಲು ನಿಧಾನವಾಗುವ ಕಡೆ ಕೋಲು ಹಿಡಿದು ನಿಲ್ಲುತ್ತಾರೆ. ಬಾಗಿಲಲ್ಲಿ ಫೋನ್ ಹಿಡಿದವರ ಕೈಗೆ ಬಾರಿಸುತ್ತಾರೆ. ಫೋನ್ ಕೆಳಗೆ ಬೀಳುತ್ತದೆ. ಕೆಲವೊಮ್ಮೆ ಮನುಷ್ಯರೇ ಬೀಳುತ್ತಾರೆ, ಕಾಲು ಕಳೆದುಕೊಂಡವರೂ ಇದ್ದಾರೆ. ಅವರ ನೋವನ್ನು ಮರೆತು ಈ ಹುಡುಗನಿಗಾಗಿ ಮಾತಾಡಲು ನನ್ನಿಂದಾಗದು.

ಮನೆಗೆ ಹೊಸ ಶೂ ಬಂತು. "ಕೆಲಸ ಸಿಕ್ಕಿದೆ ಅಮ್ಮಾ" ಎಂದನಂತೆ. ಬಾಡಿಗೆಗೂ ಸ್ವಲ್ಪ ಕೊಟ್ಟ. ಆ ತಾಯಿ ಏನಂತ ಕೇಳಬೇಕಿತ್ತು, ಹೇಳಿ?

ಪೊಲೀಸರಿಗೆ ಸಿಕ್ಕಿ, ಈಗ ಡೋಂಗ್ರಿಯಲ್ಲಿ ಕೇಸಿನ ಮಕ್ಕಳನ್ನು ಇಡುವ ವೀಕ್ಷಣಾಲಯದಲ್ಲಿದ್ದಾನೆ. ಕದ್ದ ಫೋನ್ ಕೊಳ್ಳುತ್ತಿದ್ದವನು ಮಾತ್ರ ಆರಾಮಾಗಿ ಓಡಾಡಿಕೊಂಡಿದ್ದಾನೆ. ನನಗೆ ಸಿಟ್ಟು ಬರುವುದು ಅಲ್ಲೇ.

ಭೇಟಿಗೆ ಹೋದ ತಾಯಿಯ ಹತ್ತಿರ, "ಅಕ್ಕನ ಕೇಳಿ, ಹತ್ತನೇ ಪರೀಕ್ಷೆ ಬರೀಬಹುದಾ ಅಂತ" ಎಂದಿದ್ದಾನೆ. ಅಕ್ಕ ಅಂದರೆ ನಾನು. ಬರೀಬಹುದು. ಶಾಲೆ ಬಿಟ್ಟವರಿಗೆ ಮಹಾರಾಷ್ಟ್ರ ಬೋರ್ಡಿನಲ್ಲಿ 17 ನಂಬರ್ ಫಾರ್ಮ್ ಇದೆ. ಅದನ್ನು ತುಂಬಿಸುವ ಓಡಾಟ ನನ್ನದು. ಕನ್ನಡ ಮಾಧ್ಯಮದ ಹಳೇ ಪುಸ್ತಕ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ.