ಅಕ್ಷರದ ಸಿಂಹಗಳು: ಬಿರುದಿನ ಹಾಳೆಗಳ ಕೆಲಸ ಎಲ್ಲಿಗೆ ಬಂತು

ಹಂಝಾ ಅವರ ಹಾಳೆ ಮುಗಿದು ಗೋಡೆಗೆ ಒರಗಿದೆ. ಅಬೂ ಕತಾದಾ ಅವರದ್ದು ಶಾಯಿಯ ಹಂತದಲ್ಲಿದೆ. ಅಲಿ ಅವರದ್ದು ಇನ್ನೂ ಪೆನ್ಸಿಲ್ ಗೆರೆ. ಖಾಲಿದರಿಗೆ ಕಾಗದ ತಯಾರಾಗಿದೆ, ಅಷ್ಟೇ.

ಹೊಸದಾಗಿ ಓದುವವರಿಗೆ ಒಂದು ಮಾತು. 7ನೇ ಶತಮಾನದ ಮುಸ್ಲಿಂ ಯೋಧರಿಗೆ ಸಿಕ್ಕ ಬಿರುದುಗಳನ್ನು ಅರಬಿಯ ಸುಲುಸ್ ಲಿಪಿಯಲ್ಲಿ ಬರೆದು, ಆ ಅಕ್ಷರಗಳಿಂದಲೇ ಚಿತ್ರ ಕಟ್ಟುತ್ತಿದ್ದೇನೆ. ಒಬ್ಬರಿಗೆ ಒಂದು ಹಾಳೆ. ಯಾರ ಮುಖವನ್ನೂ ಬಿಡಿಸುವುದಿಲ್ಲ. ಇವರನ್ನು ಪೂಜ್ಯರೆಂದು ನೋಡುವ ಹಲವರಿಗೆ ಅದು ಹಿಡಿಸುವುದಿಲ್ಲ. ಅದೂ ಅಲ್ಲದೆ ಬಿರುದಿನಲ್ಲೇ ಬೇಕಾದಷ್ಟು ಚಿತ್ರ ಇದೆ.

ಮೊದಲಿಗೆ ಪ್ರವಾದಿ ಮುಹಮ್ಮದರ ಅಳಿಯ ಅಲಿ ಅವರ ಸಿಂಹ ಒಂದನ್ನೇ ಮಾಡುವ ಯೋಚನೆ ಇತ್ತು. ಚೌಕಟ್ಟು ಹಾಕಿ ಮಾರುವ ಅಕ್ಷರಸಿಂಹಗಳು ಹೆಚ್ಚಾಗಿ ಅವರದ್ದೇ ಅಲ್ವಾ. ಹಳೆಯ ವರದಿಗಳನ್ನು ಓದುತ್ತಾ ಹೋದ ಹಾಗೆ ಪಟ್ಟಿ ಬೆಳೆಯಿತು. 'ಅಲ್ಲಾಹನ ಸಿಂಹ' ಅನ್ನುವುದು ಆ ಮೊದಲ ತಲೆಮಾರಿನಲ್ಲಿ ಒಬ್ಬರ ಆಸ್ತಿಯಾಗಿರಲಿಲ್ಲ. ಅದು ಕೈಯಿಂದ ಕೈಗೆ ಹೋಗುತ್ತಿತ್ತು. ಹಾಳೆಗಳನ್ನು ಅಕ್ಕಪಕ್ಕ ಇಟ್ಟಾಗ ಇದು ಕಾಣಬೇಕು ಅನ್ನುವುದೇ ನನ್ನ ಆಸೆ.

ಹಾಗಾಗಿ ಮೊದಲ ಹಾಳೆ ಹಂಝಾ ಅವರಿಗೆ ಹೋಯಿತು. ಪ್ರವಾದಿ ಮುಹಮ್ಮದರ ಚಿಕ್ಕಪ್ಪ, ಒಂದೇ ದಾದಿಯ ಹಾಲು ಕುಡಿದ ಸಹೋದರ ಕೂಡ. ಬೇಟೆಗಾರ. ಮಕ್ಕಾದ ಮುಖಂಡ ಅಬೂ ಜಹಲ್ ಪ್ರವಾದಿಯನ್ನು ನಿಂದಿಸಿದ ಸುದ್ದಿ ಅವರಿಗೆ ಸಿಕ್ಕಿದ್ದು ಬೇಟೆಯಿಂದ ಮರಳುವಾಗ. ಕೈಯಲ್ಲಿದ್ದ ಬಿಲ್ಲಿನಿಂದಲೇ ಹೋಗಿ ಅವನ ತಲೆಗೆ ಬಾರಿಸಿದರು. ತಾನೂ ಇಸ್ಲಾಮಿನ ಕಡೆ ಅಂತ ಅಲ್ಲೇ ಸಾರಿದರು. 624ರ ಬದ್ರ್ ಯುದ್ಧದಲ್ಲಿ ಎದೆಗೆ ಉಷ್ಟ್ರಪಕ್ಷಿಯ ಗರಿ ಸಿಕ್ಕಿಸಿಕೊಂಡು ಹೋರಾಡಿದರು ಅಂತ ವರದಿ ಇದೆ. 625ರಲ್ಲಿ ಉಹುದ್‌ನಲ್ಲಿ ವಹ್ಶಿ ಎಂಬ ಅಬಿಸೀನಿಯಾದ ಗುಲಾಮ ದೂರದಿಂದ ಭರ್ಜಿ ಎಸೆದು ಅವರನ್ನು ಕೊಂದ. ಕೊಂದರೆ ಬಿಡುಗಡೆ ಅಂತ ಯಜಮಾನ ಅವನಿಗೆ ಮಾತು ಕೊಟ್ಟಿದ್ದ. ಅದೇ ವಹ್ಶಿ ಮುಂದೆ ಮುಸ್ಲಿಮನಾಗಿ, ಯಮಾಮಾ ಯುದ್ಧದಲ್ಲಿ, ತಾನೂ ಪ್ರವಾದಿ ಎಂದುಕೊಂಡಿದ್ದ ಮುಸೈಲಿಮನ ಮೇಲೂ ಅದೇ ಭರ್ಜಿ ಎಸೆದ. ಆ ಭರ್ಜಿಗೇ ಒಂದು ಹಾಳೆ ಮಾಡಬಹುದು. ಆದರೆ ಅದಕ್ಕೆ ಬಿರುದು ಇಲ್ಲವಲ್ಲ!

ಹಂಝಾ ಅವರ ಬಿರುದು 'ಅಲ್ಲಾಹನ ಸಿಂಹ, ಅವನ ದೂತರ ಸಿಂಹ'. ಇದನ್ನು ಸಿಂಹದ ದೇಹದೊಳಗೆ ಕೂರಿಸುವುದು ಅಂದುಕೊಂಡಷ್ಟು ಸುಲಭ ಇರಲಿಲ್ಲ. ಅರಬಿ ಬಲದಿಂದ ಎಡಕ್ಕೆ ಓಡುತ್ತದೆ. ಸಿಂಹದ ಮುಖ ಬಲಕ್ಕಿದ್ದರೆ 'ಅಸದ್', ಅಂದರೆ ಸಿಂಹ ಎಂಬ ಪದ, ತಲೆಯಲ್ಲಿ ಬಂದು, 'ಅಲ್ಲಾಹ್' ಹಿಂಭಾಗಕ್ಕೆ ಹೋಗುತ್ತದೆ. ಹಾಗೆ ಮಾಡುವಂತಿಲ್ಲ. ಒಂದರ ಮೇಲೊಂದು ಅಕ್ಷರ ಪೇರಿಸುವ ಬರಹದಲ್ಲಿ ದೇವರ ಹೆಸರನ್ನು ಮೇಲಕ್ಕೆ ಎತ್ತಿ ಇಡುವುದು ರೂಢಿ. ಸಿಂಹವನ್ನು ಎಡಕ್ಕೆ ತಿರುಗಿಸಿದೆ. ಈಗ ಓದು ಬಾಲದಿಂದ ಶುರುವಾಗಿ ತಲೆಗೆ ಬರುತ್ತದೆ, 'ಅಲ್ಲಾಹ್' ಕೇಸರದ ಮೇಲೆ ಕೂರುತ್ತದೆ. ಉಳಿದ ಪದಗಳು ಬೆನ್ನು, ಪಕ್ಕೆ. ಕಾಲುಗಳಿಗೆ ಅಕ್ಷರವನ್ನೇ ಬಳಸಿಲ್ಲ, ಬರೀ ಬಳ್ಳಿ. ಬಾಲವನ್ನು ಬಿಲ್ಲಿನ ಹಾಗೆ ಬಾಗಿಸಿದ್ದೇನೆ. ಎದೆಯ ಹತ್ತಿರ ಒಂದು ಗರಿ ಇದೆ, ಗೊತ್ತಿದ್ದವರು ಗುರುತಿಸುತ್ತಾರೆ.

ಸಿಂಹದ ಆಕಾರಕ್ಕೆ ಆಫ್ರಿಕಾದ ಫೋಟೊಗಳನ್ನು ಪಕ್ಕಕ್ಕಿಟ್ಟೆ. ಅರಬ್ ಕವಿಗಳು ಹಾಡಿದ್ದು ಏಷ್ಯಾದ ಸಿಂಹವನ್ನು, ನಮ್ಮ ಗಿರ್ ಕಾಡಿನದರ ಬಳಗವನ್ನು. ಅದರ ಕೇಸರ ತೆಳು, ಕಿವಿ ಕಾಣುತ್ತದೆ, ಹೊಟ್ಟೆಯ ಕೆಳಗೆ ಚರ್ಮದ ಮಡಿಕೆ ಇರುತ್ತದೆ. ಇರಾಕಿನ ಕೂಫಾ ಹತ್ತಿರದ ಖಫ್ಫಾನ್‌ನ ಸಿಂಹಗಳು ಕಾವ್ಯದಲ್ಲಿ ಪ್ರಸಿದ್ಧ. ಕವಿ ಕಅಬ್ ಬಿನ್ ಝುಹೈರ್ ಪ್ರವಾದಿಯ ಮುಂದೆ ಹಾಡಿದ ಪದ್ಯದಲ್ಲಿ ಅಸ್ಸರ್ ಕಣಿವೆಯ ಪೊದೆಗಳ ಸಿಂಹ ಬರುತ್ತದೆ. ಇರಾಕಿನ ನದಿ ಬದಿಯ ಪೊದೆಗಳಲ್ಲಿ 19ನೇ ಶತಮಾನದಲ್ಲೂ ಸಿಂಹಗಳಿದ್ದವು. ಅಂದರೆ ಈ ಬಿರುದು ಕೇಳಿದವರಿಗೆ ಸಿಂಹ ಕಥೆಯ ಪ್ರಾಣಿಯಲ್ಲ, ಕುರಿ ಹೊತ್ತೊಯ್ಯುವ ಪ್ರಾಣಿ. ನಿಂತ ಭಂಗಿಗೆ ಮಾತ್ರ ಜೆರಿಕೊ ಬಳಿಯ ಖಿರ್ಬತ್ ಅಲ್-ಮಫ್ಜರ್ ಅರಮನೆಯ ಮೊಸಾಯಿಕ್ ನೋಡಿದೆ. ಉಮಯ್ಯ ವಂಶದ ಖಲೀಫರ ಕಾಲದ್ದು. ಮರದ ಕೆಳಗೆ ಸಿಂಹ ಜಿಂಕೆಯ ಮೇಲೆ ಎರಗಿದೆ. ಅದರ ಭುಜದ ಗೆರೆಯನ್ನು ಸುಮ್ನೆ ಕದ್ದಿದ್ದೇನೆ.

ಈ ಕೆಲಸದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಅಬೂ ಕತಾದಾ ಅವರ ಹಾಳೆ. ಹೆಸರು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. 630ರಲ್ಲಿ ಹುನೈನ್ ಯುದ್ಧ. ಶತ್ರುವನ್ನು ಕೊಂದವನಿಗೆ ಸಾಕ್ಷಿ ಇದ್ದರೆ ಸತ್ತವನ ಕವಚ, ಆಯುಧ ಅವನಿಗೇ ಅಂತ ಪ್ರವಾದಿ ಹೇಳಿದರು. ಅಬೂ ಕತಾದಾ ಎದ್ದು ನಿಂತು, ನನಗೆ ಸಾಕ್ಷಿ ಹೇಳುವವರು ಯಾರು ಅಂತ ಕೇಳಿದರು. ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬ, ಇವರು ಹೇಳೋದು ನಿಜ, ಸಾಮಾನು ನನ್ನ ಹತ್ತಿರ ಇದೆ, ಇವರಿಗೆ ಬೇರೇನಾದರೂ ಕೊಟ್ಟು ಸಮಾಧಾನ ಮಾಡಿ ಅಂದ. ಆಗ ಪ್ರವಾದಿಯ ಆಪ್ತ, ಮುಂದೆ ಮೊದಲ ಖಲೀಫರಾದ ಅಬೂ ಬಕರ್ ತಡೆದರು. ಅಲ್ಲಾಹನ ಸಿಂಹಗಳಲ್ಲಿ ಒಂದು ಸಿಂಹ ಹೋರಾಡಿ ಗಳಿಸಿದ್ದನ್ನು ನಿನಗೆ ಕೊಡುವುದಾ, ಆಗದು ಅಂದರು. ಕವಚ ಅಬೂ ಕತಾದಾ ಕೈಗೆ ಬಂತು. ಅದನ್ನು ಮಾರಿ ಬನೂ ಸಲಿಮಾ ಕುಲದವರ ಕಡೆ ಒಂದು ತೋಟ ಕೊಂಡರು.

ಬಿರುದು ಹುಟ್ಟಿದ್ದು ಆಸ್ತಿಯ ತಕರಾರಿನಲ್ಲಿ, ನೋಡಿ. ಯಾರೂ ಪಟ್ಟ ಕಟ್ಟಲಿಲ್ಲ, ಸಮಾರಂಭ ಇಲ್ಲ. ಮತ್ತೆ ಅಲ್ಲಿರುವುದು 'ಸಿಂಹಗಳಲ್ಲಿ ಒಂದು'. ಹಾಗಾಗಿ ಈ ಹಾಳೆಯಲ್ಲಿ ದೊಡ್ಡ ಸಿಂಹ ಇಲ್ಲ. ಸಣ್ಣ ಸಿಂಹಗಳ ಒಂದು ಸಾಲು. ಒಂದಕ್ಕೆ ಮಾತ್ರ ಕೆಂಪು ಶಾಯಿ. ಅಂಚಿಗೆ ಖರ್ಜೂರದ ಗರಿಗಳು. ಕಾಗದವೂ ಚಿಕ್ಕದು.

ಕಾಗದದ ಬಗ್ಗೆ ಕೇಳಿದ್ದವರಿಗೆ: ಇದು ಅಹಾರ್ ಮಾಡಿದ ಕಾಗದ. ಮೊದಲು ಗಂಜಿಯ ಲೇಪ, ಆಮೇಲೆ ಮೊಟ್ಟೆಯ ಬಿಳಿಗೆ ಪಟಿಕ ಸೇರಿಸಿ ಇನ್ನೊಂದು ಲೇಪ, ಒಣಗಿದ ಮೇಲೆ ಅಗೇಟ್ ಕಲ್ಲಿನಿಂದ ಉಜ್ಜುವುದು. ಶಾಯಿ ಒಳಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ. ಒದ್ದೆ ಹತ್ತಿಯಿಂದ ಒರೆಸಿ ತಿದ್ದಬಹುದು. ಮಳೆಗಾಲದಲ್ಲಿ ಮೊಟ್ಟೆಯ ವಾಸನೆ ಹೋಗುವುದಿಲ್ಲ. ಮನೆಯವರ ಅಭಿಪ್ರಾಯ ಇಲ್ಲಿ ಬರೆಯುವ ಹಾಗಿಲ್ಲ.

ಇನ್ನು ಅಲಿ. ಬೇರೆಯವರ ಬಿರುದು ಬರಬರುತ್ತಾ ಹಿಂದೆ ಸರಿಯಿತು, ಅಲಿ ಅವರದ್ದು ಗಟ್ಟಿಯಾಗಿ ನಿಂತಿತು. ಶಿಯಾ ಭಕ್ತಿ, ಸೂಫಿ ಪರಂಪರೆ ಎರಡೂ ಅದನ್ನು ಬೆಳೆಸಿದವು. ಇರಾನಿನ ಚಿತ್ರಗಳಲ್ಲಿ ಪ್ರವಾದಿಯ ಮಿಅರಾಜ್, ಅಂದರೆ ಸ್ವರ್ಗಾರೋಹಣದ ಯಾತ್ರೆಯ ದಾರಿಯಲ್ಲಿ ಸಿಂಹವೊಂದು ಎದುರಾಗುತ್ತದೆ, ಅದು ಅಲಿಯೇ. ತುರ್ಕಿಯ ಬೆಕ್ತಾಶಿ ಸೂಫಿಗಳು ಅಕ್ಷರಸಿಂಹಗಳನ್ನು ಗೋಡೆಗೆ ಹಾಕುತ್ತಿದ್ದರು. ಸಾಮಾನ್ಯವಾಗಿ ಬಳಸುವುದು ಅಲಿ ಅವರನ್ನು ಕರೆಯುವ 'ನಾದೆ ಅಲಿ' ಪ್ರಾರ್ಥನೆ. ನಾನು 628ರ ಖೈಬರ್ ಯುದ್ಧದ ಪದ್ಯ ತೆಗೆದುಕೊಂಡಿದ್ದೇನೆ. ಎದುರಾಳಿ ಯೋಧ ಮರ್ಹಬ್ ಎದುರು ನಿಂತಾಗ ಅಲಿ ಹಾಡಿದ್ದು ಇದು: ತಾಯಿ ನನಗೆ ಹೈದರ್ (ಸಿಂಹ) ಅಂತ ಹೆಸರಿಟ್ಟಳು, ನೋಡಿದರೆ ಭಯವಾಗುವ ಕಾಡಿನ ಸಿಂಹ ನಾನು. ತಾಯಿ ಫಾತಿಮಾರ ತಂದೆಯ ಹೆಸರೂ ಅಸದ್. ಬಿರುದಿಗೂ ಮೊದಲು ಸಿಂಹ ಮನೆಯಲ್ಲೇ ಇತ್ತು ಅನ್ನಿ. ಇದನ್ನು ಕನ್ನಡಿ ಬರಹದಲ್ಲಿ ಕಟ್ಟುತ್ತಿದ್ದೇನೆ. ಎಡಬಲ ಎರಡೂ ಸೇರಿ ಎದುರು ನೋಡುವ ಮುಖವಾಗಬೇಕು.

ಕನ್ನಡಿ ಬರಹದ ಆಸೆ ಹುಟ್ಟಿದ್ದು ಶ್ರೀರಂಗಪಟ್ಟಣದಿಂದ. ಟಿಪ್ಪು ಸುಲ್ತಾನರ ಆಯುಧಗಳ ಮೇಲೆ 'ಅಸದುಲ್ಲಾಹ್ ಅಲ್-ಗಾಲಿಬ್', ಅಂದರೆ ಗೆಲ್ಲುವ ಅಲ್ಲಾಹನ ಸಿಂಹ, ಎಂಬ ಮಾತನ್ನೇ ಹುಲಿಯ ಮುಖವಾಗಿ ಹೆಣೆದಿದ್ದಾರೆ. ಅದು ಅಲಿ ಅವರ ಬಿರುದು. ಟಿಪ್ಪು ಕಾಲದ ಎರಡು ರೂಪಾಯಿ ನಾಣ್ಯದ ಹೆಸರೂ ಹೈದರಿ. ಹೈದರನ ವಿಜಯದಿಂದ ಅಹ್ಮದರ (ಪ್ರವಾದಿಯ) ಧರ್ಮ ಬೆಳಗಿದೆ ಅಂತ ಅದರ ಮೇಲೆ ಪಾರ್ಸಿಯಲ್ಲಿ ಇದೆ. ಅಲಿಗೂ ಸಲ್ಲುತ್ತದೆ, ಅಪ್ಪ ಹೈದರಾಲಿಗೂ ಸಲ್ಲುತ್ತದೆ. ಜಾಣತನ! ಆದರೆ ಸರಣಿ ಮೊದಲ ತಲೆಮಾರಿನದ್ದು. ಟಿಪ್ಪು ಹಾಳೆ ಮಾಡಿದರೂ ಬೇರೆಯಾಗಿಯೇ ಮಾಡುತ್ತೇನೆ.

ಖಾಲಿದ್ ಬಿನ್ ವಲೀದರಿಗೆ ಸಿಂಹ ಇಲ್ಲ. ಅವರು ಅಲ್ಲಾಹನ ಖಡ್ಗ. 629ರಲ್ಲಿ ಮುಅತಾದಲ್ಲಿ ಮೂವರು ಸೇನಾನಿಗಳು ಒಬ್ಬರಾದ ಮೇಲೆ ಒಬ್ಬರು ಬಿದ್ದಾಗ ಬಾವುಟ ಹಿಡಿದವರು. ಅಂದು ನನ್ನ ಕೈಯಲ್ಲಿ 9 ಖಡ್ಗ ಮುರಿದವು, ಯಮನ್‌ನ ಒಂದು ಅಗಲ ಖಡ್ಗ ಉಳಿಯಿತು ಅಂತ ಅವರೇ ಹೇಳಿದ್ದಾರೆ. ಹಾಳೆ ತಾನಾಗಿಯೇ ಸಿದ್ಧ: 9 ತುಂಡು ಗೆರೆ, ಒಂದು ಪೂರ್ತಿ ಗೆರೆ.

ತಲೆ ಕೆಡಿಸುತ್ತಿರುವುದು ಸಅದ್ ಬಿನ್ ಅಬೀ ವಕ್ಕಾಸ್. ಇರಾಕಿಗೆ ಸೇನಾನಿ ಯಾರು ಅಂತ ಖಲೀಫ ಉಮರ್ ಹುಡುಕುತ್ತಿದ್ದಾಗ, ಪ್ರವಾದಿಯ ಸಂಗಾತಿ ಅಬ್ದುರ್ರಹ್ಮಾನ್ ಬಿನ್ ಔಫ್ ಅವರು ಸಅದ್ ಅವರನ್ನು 'ಪಂಜ ಚಾಚಿದ ಸಿಂಹ' ಅಂತ ಸೂಚಿಸಿದರು. ಆದರೆ ಪರ್ಷಿಯನ್ನರ ವಿರುದ್ಧದ ಕಾದಿಸಿಯ್ಯಾ ಯುದ್ಧದ ದಿನ ಸಅದ್ ಮೈಯಲ್ಲಿ ಹುಣ್ಣು, ಕುದುರೆ ಹತ್ತಲಾಗಲಿಲ್ಲ. ಕೋಟೆಯ ಮೇಲೆ ಬೋರಲು ಮಲಗಿ ಅಲ್ಲಿಂದಲೇ ಆಜ್ಞೆ ಕೊಟ್ಟರು. ಸೈನಿಕರು ಅಣಕಿಸಿ ಪದ್ಯ ಕಟ್ಟಿದರು. ಇವರ ಸಿಂಹ ನಿಂತಿರಬೇಕೋ ಮಲಗಿರಬೇಕೋ ತೀರ್ಮಾನ ಆಗಿಲ್ಲ. ಅಕ್ಷರ ತಿದ್ದಿಕೊಡುವ ಹಿರಿಯರು ನಿಲ್ಲಿಸು ಅನ್ನುತ್ತಾರೆ. ನನಗೆ ಮಲಗಿಸುವ ಮನಸ್ಸು. ಸಾಲು ಉದ್ದಕ್ಕೆ ಸಿಗುತ್ತದೆ, ಪಂಜಗಳೂ ಮುಂದಕ್ಕೆ ಚೆನ್ನಾಗಿ ಚಾಚುತ್ತವೆ. ಎರಡಕ್ಕೂ ಕರಡು ಹಾಕಿ ಮುಂದಿನ ಸಲ ತೋರಿಸುತ್ತೇನೆ.