ಆಮೆ ನೆಲಕ್ಕೆ ಇಳಿದದ್ದು

"ಅಮ್ಮಾ, ಈ ಆಮೆ ಯಾಕೆ ತೇಲ್ತಾ ಇದೆ?"

ಮಗಳು ಹೀಗೆ ಕೇಳಿದಾಗ ಮನಸ್ಸಿಗೆ ಪಿಚ್ಚೆನಿಸಿತು. ಮೂರು ವಾರ, ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಕೂತು ಪೆನ್ಸಿಲಿನಲ್ಲಿ ಬಿಡಿಸಿದ ಚಿತ್ರ ಅದು. ದೊಡ್ಡದೊಂದು ಆಮೆ, ಅದರ ಬೆನ್ನ ಮೇಲೆ ನಮ್ಮಜ್ಜಿಯ ಹೆಂಚಿನ ಮನೆ. ಕತ್ತಲ ಹೊತ್ತಲ್ಲಿ ಆಮೆ ಊರ ಬೀದಿಯಲ್ಲಿ ನಿಧಾನವಾಗಿ ನಡೆದು ಹೋಗುತ್ತಿರಬೇಕು. ಹೆಂಚಿನ ಸಾಲು ಒಂದೊಂದನ್ನೂ ಪ್ರೀತಿಯಿಂದ ಎಳೆದಿದ್ದೆ. ಆದರೆ ಆಮೆ ನಡೆಯುತ್ತಿರಲಿಲ್ಲ, ತೇಲುತ್ತಿತ್ತು.

ನಾನು ಮಾಡಿದ್ದೇನು ಅಂದರೆ, ಎಲ್ಲದರ ಅಂಚಿಗೂ ಕಪ್ಪು ತುಂಬಿ ನಡುವೆ ಬೆಳ್ಳಗೆ ಬಿಟ್ಟಿದ್ದೆ. ಮನೆಗೂ ಹಾಗೆ, ಆಮೆಗೂ ಹಾಗೆ, ಪಕ್ಕದ ಬಾವಿಕಟ್ಟೆಗೂ ಹಾಗೆ. ಆಮೇಲೆ ಬೆರಳಲ್ಲಿ ಉಜ್ಜಿದ್ದೆ. ಇಡೀ ಹಾಳೆ ಬೂದಿ ಬಳಿದ ಹಾಗಾಗಿತ್ತು. ಬೆಳಕು ಯಾವ ಕಡೆಯಿಂದ ಬರ್ತಿದೆ ಅಂತ ಅವಳು ಕೇಳಿದ್ದರೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಕಣ್ಣೆದುರಿನ ಚೊಂಬನ್ನು ನೋಡಿ ಬಿಡಿಸುವಾಗ ಈ ಕಷ್ಟ ಇಲ್ಲ. ಕಿಟಕಿ ಅಲ್ಲೇ ಇರುತ್ತದೆ, ನೆರಳು ತಾನಾಗಿಯೇ ಬಿದ್ದಿರುತ್ತದೆ. ಕಲ್ಪನೆಯ ಬೀದಿಗೆ ದೀಪವನ್ನೂ ನಾವೇ ತಂದು ನೇತುಹಾಕಬೇಕು, ಅಲ್ವಾ?

ಮೊದಲು ಒಂದು ನಿಂಬೆಹಣ್ಣು ಇಟ್ಟುಕೊಂಡು ಕೂತೆ. ಒಂದೇ ಕಡೆಯಿಂದ ಟೇಬಲ್ ಲ್ಯಾಂಪ್. ಕಣ್ಣು ಕಿರಿದು ಮಾಡಿ ನೋಡಿದೆ. ಆಗ ಚಿಕ್ಕಪುಟ್ಟ ವಿವರ ಎಲ್ಲ ಮಾಯವಾಗಿ ಬೆಳಕಿನ ಭಾಗ, ಕತ್ತಲಿನ ಭಾಗ ಎರಡೇ ಉಳಿಯುತ್ತವೆ. ನಾನು ಅಲ್ಲಿಯವರೆಗೆ ತಪ್ಪಾಗಿ ತಿಳಿದಿದ್ದು ಅಲ್ಲೇ ಗೊತ್ತಾಯಿತು. ಹಣ್ಣಿನ ಅತಿ ಕಪ್ಪು ಜಾಗ ಅಂಚಿನಲ್ಲಿ ಇಲ್ಲ! ಅಂಚಿಗಿಂತ ಸ್ವಲ್ಪ ಒಳಗೆ, ಒಂದು ಪಟ್ಟಿಯ ಹಾಗೆ ಇದೆ. ಅಂಚಿನಲ್ಲಿ ಮತ್ತೆ ಮಂದ ಬೆಳಕು. ಕೆಳಗಿದ್ದ ಬಿಳಿ ಹಾಳೆಯಿಂದ ಪುಟಿದು ಬಂದದ್ದು ಅದು. ಹಾಳೆ ತೆಗೆದು ಕಪ್ಪು ರವಿಕೆ ಕಣ ಹಾಸಿದೆ. ಆ ಬೆಳಕು ಹೋಗೇಬಿಟ್ಟಿತು.

ಆದರೆ ಬೆನ್ನ ಮೇಲೆ ಮನೆ ಹೊತ್ತ ಆಮೆಯನ್ನು ಎಲ್ಲಿ ಹೋಗಿ ನೋಡುವುದು? ಮಾಡಿಕೊಂಡೆ. ಒಂದು ಚಪಾತಿಗೆ ಆಗುವಷ್ಟು ಹಿಟ್ಟಿನಲ್ಲಿ ಆಮೆ, ಮೇಲೆ ಬೆಂಕಿಪೊಟ್ಟಣದ ಮನೆ, ಮಡಚಿದ ರಟ್ಟಿನ ಸೂರು. ಅಡುಗೆಮನೆ ಲೈಟ್ ಆರಿಸಿ ಮಗಳ ಕೈಗೆ ಮೊಬೈಲ್ ಟಾರ್ಚ್ ಕೊಟ್ಟೆ.

ಆ ರಾತ್ರಿ ಕಲಿತಷ್ಟು ನಾನು ಅದಕ್ಕೆ ಮುಂಚೆ ಒಂದು ವರ್ಷದಲ್ಲಿ ಕಲಿತಿರಲಿಲ್ಲ. ಟಾರ್ಚ್ ಕೆಳಗಿಳಿಸಿದರೆ ನೆರಳು ಉದ್ದವಾಗಿ ಗೋಡೆವರೆಗೂ ಓಡುತ್ತದೆ. ಮನೆಯ ನೆರಳು ಮೊದಲು ಚಿಪ್ಪಿನ ಮೇಲೆ ಬಿದ್ದು, ಚಿಪ್ಪು ಬಾಗಿದ ಹಾಗೆ ತಾನೂ ಬಾಗಿ, ಅಂಚಿನಿಂದ ಜಾರಿ ನೆಲಕ್ಕೆ ಇಳಿಯುತ್ತದೆ. ಸುಮ್ನೆ ಕೂತು ಯೋಚಿಸಿದ್ದರೆ ಇದು ನನಗೆ ಯಾವತ್ತೂ ಹೊಳೆಯುತ್ತಿರಲಿಲ್ಲ. ನೆರಳಿನ ಅಂಚು ಕಾಲಿನ ಹತ್ತಿರ ಚೂಪು, ದೂರ ಹೋದ ಹಾಗೆ ಮೆತ್ತಗೆ. ಇನ್ನು ಪಾದ ನೆಲಕ್ಕೆ ತಾಗುವಲ್ಲಿ, ಯಾವ ಬೆಳಕೂ ನುಸುಳದ ಸಂದಿಯಲ್ಲಿ, ಕೂದಲೆಳೆಯಷ್ಟು ಕಡುಕಪ್ಪು ಗೆರೆ. ನನ್ನ ಚಿತ್ರದಲ್ಲಿ ಇಲ್ಲದೇ ಇದ್ದದ್ದು ಅದೇ.

ನೆರಳು ಎಲ್ಲಿಗೆ ಮುಗಿಯಬೇಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ. ದೀಪದಿಂದ ಸ್ವಲ್ಪ ದೂರದಲ್ಲಿ ಒಂದು ಕಂಬ ಇದೆ ಅಂದುಕೊಳ್ಳಿ. ದೀಪಕ್ಕೆ ಒಂದು ಚುಕ್ಕಿ ಇಡಿ. ಅದರ ನೇರ ಕೆಳಗೆ ನೆಲದ ಮೇಲೆ ಇನ್ನೊಂದು ಚುಕ್ಕಿ. ನೆಲದ ಚುಕ್ಕಿಯಿಂದ ಕಂಬದ ಬುಡದ ಮೂಲಕ ಒಂದು ಗೆರೆ, ದೀಪದ ಚುಕ್ಕಿಯಿಂದ ಕಂಬದ ತುದಿಯ ಮೂಲಕ ಇನ್ನೊಂದು ಗೆರೆ. ಎರಡೂ ಕೂಡುವಲ್ಲಿ ನೆರಳಿನ ತುದಿ. ಅದಕ್ಕೇ ದೀಪದ ಸುತ್ತ ಇರುವ ನೆರಳುಗಳು ನಾಲ್ಕೂ ದಿಕ್ಕಿಗೆ ಚೆಲ್ಲುತ್ತವೆ. ಬಿಸಿಲಾದರೆ ಹಾಗಲ್ಲ. ಸೂರ್ಯ ಅಷ್ಟು ದೂರ ಇರುವುದರಿಂದ ಪಕ್ಕಪಕ್ಕದ ಕಂಬಗಳ ನೆರಳೆಲ್ಲ ಒಂದೇ ಕಡೆಗೆ ಬೀಳುತ್ತವೆ.

ಈಗ ಮೊದಲು ಅಂಗೈ ಅಗಲದ ಪುಟ್ಟ ಚಿತ್ರ ಮಾಡುತ್ತೇನೆ. ಬಿಳಿ, ನಡುಬಣ್ಣ, ಕಪ್ಪು, ಮೂರೇ. ಅದು ಸರಿ ಬಂದ ಮೇಲೆಯೇ ದೊಡ್ಡ ಹಾಳೆ. ಪೆನ್ಸಿಲಿನ ಮೇಲೆ ಎಚ್ ಅಂತಿದ್ದರೆ ಗಟ್ಟಿ, ಗೆರೆ ತೆಳು; ಬಿ ಅಂತಿದ್ದರೆ ಮೆದು, ಗೆರೆ ಕಪ್ಪು. 2ಎಚ್‌ನಲ್ಲಿ ತೆಳುವಾಗಿ ಆಕಾರ, ಎಚ್‌ಬಿ ಮತ್ತು 2ಬಿಯಲ್ಲಿ ನಡುಬಣ್ಣ, ಕಡುಕಪ್ಪಿಗೆ 6ಬಿ. ಒತ್ತಿ ತಿಕ್ಕಿದರೆ ಗ್ರಾಫೈಟ್ ಹೊಳೆಯುತ್ತದೆ, ಓರೆಯಿಂದ ನೋಡಿದರೆ ಕಪ್ಪೇ ಬೆಳ್ಳಗೆ ಕಾಣುತ್ತದೆ. ಹಗುರವಾಗಿ ಪದರದ ಮೇಲೆ ಪದರ ಹಾಕಬೇಕು. ಬೆರಳು ಉಜ್ಜುವುದನ್ನು ಪೂರ್ತಿ ಬಿಟ್ಟೆ. ಕೈ ಕೆಳಗೆ ಒಂದು ಕಾಗದ ಇಟ್ಟುಕೊಳ್ಳುತ್ತೇನೆ.

ಇದರ ನಡುವೆ ಒಂದು ಭಾನುವಾರ ಇಲ್ಲೇ ಜಗನ್ಮೋಹನ ಅರಮನೆಗೆ ಹೋಗಿ ಬಂದೆ. ಮೈಸೂರಿನವರಿಗೆಲ್ಲ ಗೊತ್ತಿರುವ ದೀಪ ಹಿಡಿದ ಹೆಣ್ಣಿನ ಚಿತ್ರ ನೋಡಲು. ಬಹಳ ಜನ ಅದನ್ನು ರವಿವರ್ಮನದು ಅಂದುಕೊಂಡಿದ್ದಾರೆ. ಬಿಡಿಸಿದವರು ಎಸ್.ಎಲ್. ಹಳದನಕರ್, ಅದೂ ಜಲವರ್ಣದಲ್ಲಿ. ಸ್ಕೂಲಿನಲ್ಲಿದ್ದಾಗ ಮುಖ ಎಷ್ಟು ಚೆಂದ ಅಂತ ನೋಡಿ ಮುಂದೆ ಹೋಗಿದ್ದೆ. ಈ ಸಲ ಕೈಯನ್ನೇ ನೋಡುತ್ತಾ ನಿಂತೆ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಒಳಗಿಂದ ಬೆಳಕು ಕೆಂಪಗೆ ಹೊಮ್ಮುತ್ತದೆ. ಬೆಳಕನ್ನು ಇಷ್ಟು ಪ್ರಖರವಾಗಿ ತೋರಿಸಲು ಅವರು ಸುತ್ತ ಎಷ್ಟೊಂದು ಕತ್ತಲೆ ಇಟ್ಟಿದ್ದಾರೆ! ಪೆನ್ಸಿಲಿಗೂ ಅದೇ ದಾರಿ. ಹಾಳೆಗಿಂತ ಬೆಳ್ಳಗಿನದು ನಮ್ಮ ಹತ್ತಿರ ಏನೂ ಇಲ್ಲ. ದೀಪ ಉರಿಯಬೇಕು ಅಂದರೆ ಸುತ್ತಲಿನದನ್ನು ಕತ್ತಲು ಮಾಡಬೇಕು.

ಆಮೆಯನ್ನು ಮತ್ತೆ ಮೊದಲಿಂದ ಬಿಡಿಸಿದೆ. ಜಗಲಿಯ ಮುಂದೆ ಒಂದು ಲಾಟೀನು ತೂಗುಹಾಕಿದೆ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಆ ಕತ್ತಲೆಯ ವೃತ್ತ ನಿಜಕ್ಕೂ ಬೀಳುತ್ತದೆ. ಅದನ್ನು ಹಾಕಿದ ಮೇಲೆ ಲಾಟೀನಿಗೆ ಭಾರ ಬಂತು. ನಾಲ್ಕು ಪಾದಗಳ ಕೆಳಗೆ 6ಬಿಯಲ್ಲಿ ನಾಲ್ಕು ಸಣ್ಣ ಗೆರೆ ಎಳೆದೆ. ಆಮೆ ನೆಲಕ್ಕೆ ಇಳಿಯಿತು.

ಮಗಳಿಗೆ ತೋರಿಸಿದೆ. ಬಹಳ ಹೊತ್ತು ನೋಡಿದಳು. "ಮನೆ ಒಳಗೆ ಅಜ್ಜಿ ಇದ್ದಾರಾ? ಹಾಗಾದ್ರೆ ಕಿಟಕೀಲಿ ಲೈಟ್ ಹಾಕು" ಅಂದಳು.

ಕಿಟಕಿಯಲ್ಲೂ ದೀಪ ಅಂದರೆ ಬಾವಿಕಟ್ಟೆಗೆ ಎರಡು ನೆರಳು. ಅವು ಒಂದರ ಮೇಲೊಂದು ಬೀಳುವ ಕಡೆ ಇನ್ನೂ ಕಪ್ಪು. ನಾಳೆ ಮತ್ತೆ ಹಿಟ್ಟು ಕಲಸಬೇಕು. ಈ ಸಲ ಎರಡು ಟಾರ್ಚ್ ಬೇಕು.